ಅರ ಆಮೇಲೆ, ಮೊದಲು ಕಟ್ಟಿಗೆ ನೋಡ್ರಿ

(ಬೆಳಗಾವಿಯಲ್ಲಿ ಫಿಟ್ಟರ್ ಟ್ರೇಡಿನ ಹುಡುಗರು ಮತ್ತು ಒಂದಿಷ್ಟು ಹಿರಿಯರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಅವತ್ತು ಕೈಯಲ್ಲಿ ಹಿಡಿದು ತೋರಿಸಿದ ಕಡೆಯೆಲ್ಲ ಇಲ್ಲಿ ನಾಲ್ಕು ಮಾತು ಹೆಚ್ಚಿಗೆ ಸೇರಿಸಿದ್ದೇನೆ. ನಡುವೆ ಕರೆಂಟು ಹೋಗಿ ಮಾತು ನಿಂತ ಹತ್ತು ನಿಮಿಷವನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮೇಜಿನ ಮೇಲೆ ಇರುವುದು ಬಂದೂಕಲ್ಲ. ಬಂದೂಕಿನ ಒಂದು ಭಾಗದ, ಮದ್ದಿಗೆ ಕಿಡಿ ಮುಟ್ಟಿಸುವ ಯಂತ್ರದ ಮಾದರಿ, ಅದೂ ಮೂರು ಪಟ್ಟು ದೊಡ್ಡದು. ಇದಕ್ಕೆ ನಳಿಗೆ ಇಲ್ಲ, ಮದ್ದು ಹಾಕುವ ಜಾಗ ಇಲ್ಲ. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಲೈಸೆನ್ಸ್ ಇಲ್ಲದೆ ಬಂದೂಕು ಮಾಡುವುದು ಹೋಗಲಿ, ಅಜ್ಜನ ಕಾಲದ ಬಂದೂಕನ್ನು ರಿಪೇರಿ ಮಾಡಿಕೊಡುವುದೂ ಅಪರಾಧ. ಖಂಡೆಪೂಜೆಗೆ ವಾಡೆಯ ಗೋಡೆಯಿಂದ ಇಳಿಸಿ, ಕುಂಕುಮ ಹಚ್ಚಿ, ಮತ್ತೆ ಗೂಟಕ್ಕೆ ಸಿಗಿಸುವ ಬಂದೂಕು ನಿಮ್ಮ ಮನೆಯಲ್ಲಿ ಇದ್ದರೆ ಅದನ್ನು ನನ್ನ ಹತ್ತಿರ ತರಬೇಡಿ. ಹಿಂದಿನ ಸಲ ಮಾತಾಡಿ ಕೆಳಗಿಳಿದಾಗ ಇಬ್ಬರು ಕೇಳಿದ್ದರು, ಅದಕ್ಕೇ ಹೇಳಿದೆ.

ಇನ್ನು ನಾನು ಇದರ ಬೆನ್ನು ಯಾಕೆ ಹತ್ತಿದೆ ಅನ್ನುವ ಕಥೆ.

ನನ್ನ ತಂಗಿಯ ಮಗ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಇದ್ದಾನೆ. ಕಂಪ್ಯೂಟರ್ ಕೆಲಸ. ಇಲ್ಲಿ ಇರುವ ತನಕ ಒಂದು ಮೊಳೆ ನೆಟ್ಟಗೆ ಹೊಡೆದವನಲ್ಲ. ಒಂದು ದಿನ ರಾತ್ರಿ ವಿಡಿಯೋ ಕಾಲ್ ಮಾಡಿ, "ಮಾಮಾ, ನಾ ಒಂದು ಬಂದೂಕ ಮಾಡಾಕತ್ತೇನಿ" ಅಂದ. "ಏ ಹುಚ್ಚಪ್ಯಾಲಿ, ಪೊಲೀಸ್ರು ಒದ್ದು ಒಯ್ತಾರ" ಅಂದೆ. "ಇಲ್ಲಿ ನಡೀತೈತಿ ಮಾಮಾ, ಇದು ಹಳೇ ಕಾಲದ್ದು" ಅಂದ.

ಆಮೇಲೆ ವಿಚಾರಿಸಿದರೆ ಹೌದು. ಅಲ್ಲಿ 1968ರ ಕೇಂದ್ರ ಕಾಯ್ದೆ ಬಾಯಿಯಿಂದ ಮದ್ದು ತುಂಬುವ ಹಳೆಯ ಬಗೆಯ ಬಂದೂಕುಗಳನ್ನೂ ಅವುಗಳ ಹೊಸ ನಕಲುಗಳನ್ನೂ ಬಹುಮಟ್ಟಿಗೆ ಪುರಾತನ ವಸ್ತುವಿನ ಲೆಕ್ಕಕ್ಕೆ ಹಾಕುತ್ತದೆ. ಬಿಡಿಭಾಗಗಳು ಪೆಟ್ಟಿಗೆಯಲ್ಲಿ ಬರುತ್ತವೆ: ಒಳಗೆ ತಿರುವು ಗೀರಿದ ನಳಿಗೆ, ಹಿತ್ತಾಳೆಯ ಸಾಮಾನು, ಅರ್ಧಂಬರ್ಧ ಕೆತ್ತಿದ ಮೇಪಲ್ ಮರದ ಕಟ್ಟಿಗೆ, ಮತ್ತೆ ಒಂದು ಕೈಹಿಡಿಯಷ್ಟು ದೊಡ್ಡ ಯಂತ್ರ. ಆ ಯಂತ್ರಕ್ಕೆ ಅವರು ಲಾಕ್ ಅನ್ನುತ್ತಾರೆ. ಬಾಗಿಲಿಗೆ ಹಾಕುವುದೂ ಲಾಕ್, ಬಂದೂಕಿನ ಪಕ್ಕದಲ್ಲಿ ಕೂಡಿಸುವುದೂ ಲಾಕ್. ಬಿಚ್ಚಿ ನೋಡಿದರೆ ಎರಡರಲ್ಲೂ ಕಮಾನು (ಅಂದರೆ ಸ್ಪ್ರಿಂಗು), ನಾಲಿಗೆ, ಕಚ್ಚು. ನಮ್ಮ ಕಡೆಯ ಮಾತಿನಲ್ಲಿ ಇದನ್ನೂ 'ಕೀಲಿ' ಅಂದರೆ ತಪ್ಪಾಗಲಿಕ್ಕಿಲ್ಲ.

ಹುಡುಗ ಯಂತ್ರ ಕೂಡಿಸಲು ಕೂತು ಸಿಕ್ಕಿಬಿದ್ದ. ನಾನು ಮೂವತ್ತು ವರ್ಷ ಪಂಪು, ವಾಲ್ವು ಫಿಟ್ಟಿಂಗ್ ಮಾಡಿಸಿದವನು. ಫೋನಿನ ಕ್ಯಾಮೆರಾದಲ್ಲಿ ನೋಡಿ ಹೇಳುವುದು ಬಹಳ ಕಷ್ಟ ಅನ್ನಿಸಿತು. ಅದಕ್ಕೇ ಗುಜರಿಯಿಂದ ತಗಡು, ಟ್ರ್ಯಾಕ್ಟರ್ ಟ್ರಾಲಿಯ ಹಳೆಯ ಕಮಾನಪಟ್ಟಿ ತಂದು ಇದನ್ನು ಮಾಡಿದೆ. ಅಳತೆ ಅವನು ಅಲ್ಲಿಂದ ಕಳಿಸಿದ. ಮೂರರಿಂದ ಗುಣಿಸಿದ್ದು ನಾನು.

ನೋಡ್ರಿ, ಇದು ಕುದುರೆ. ಹೊರಗಿನಿಂದ ಕಾಣುವುದು ಇದೊಂದೇ. ಹೆಬ್ಬೆರಳಿನಿಂದ ಹಿಂದಕ್ಕೆ ಎಳೆಯುವುದು ಇದನ್ನೇ. ನಾವು ಕುದುರೆ ಅಂತೀವಿ, ಇಂಗ್ಲಿಷರ ಹಳೆಯ ಮಾತಿನಲ್ಲಿ ಇದು ಹುಂಜ, ಈಚಿನ ಮಾತಿನಲ್ಲಿ ಸುತ್ತಿಗೆ. ತಿರುವಿ ಹಿಂದೆ ನೋಡಿದರೆ, ಕುದುರೆಯ ಬುಡ ಒಂದು ಚೌಕ ತೂತಿನ ಮೂಲಕ ಈ ಅರ್ಧ ಚಂದ್ರದಂಥ ತುಂಡಿಗೆ ಸಿಕ್ಕಿಕೊಂಡಿದೆ. ಇದು ಟಂಬ್ಲರ್. ಕುದುರೆ ತಿರುಗಿದಷ್ಟೂ ಇದೂ ತಿರುಗುತ್ತದೆ. ಇದರ ಅಂಚಿನಲ್ಲಿ ಎರಡು ಕಚ್ಚು. ಒಂದು ಆಳ, ಒಂದು ಮೇಲುಮೇಲೆ. ಆಳದ್ದು ಅರ್ಧ ಕಚ್ಚು, ಕುದುರೆಯನ್ನು ಅರ್ಧ ಎಳೆದು ಸುಮ್ಮನೆ ನಿಲ್ಲಿಸಲಿಕ್ಕೆ. ಮೇಲಿನದು ಪೂರ್ತಿ ಕಚ್ಚು, ಹೊಡೆಯಲು ಸಿದ್ಧವಾಗಿ ನಿಲ್ಲಲಿಕ್ಕೆ. ಈ ಕೊಕ್ಕೆಯ ಮೂತಿ ಆ ಕಚ್ಚುಗಳಲ್ಲಿ ಬಿದ್ದು ಹಿಡಿಯುತ್ತದೆ. ಕೊಕ್ಕೆಯ ತೋಳು ಹೀಗೆ ಕಾಟಕೋನದಲ್ಲಿ ತಿರುಗಿ ಕಟ್ಟಿಗೆಯ ಒಳಗೆ ಹೋಗುತ್ತದೆ. ಕೆಳಗಿನಿಂದ ಟ್ರಿಗರ್ ಆ ತೋಳನ್ನು ಎತ್ತಿದರೆ ಮೂತಿ ಕಚ್ಚಿನಿಂದ ಜಾರಿ ಕುದುರೆ ಬೀಳುತ್ತದೆ. ಬೀಳಿಸುವ ಬಲ ಈ ದೊಡ್ಡ ಕಮಾನಿನದು, ಕನ್ನಡ ಅಂಕಿ ಎರಡನ್ನು ಮಲಗಿಸಿದ ಹಾಗೆ ಇದೆ ನೋಡಿ.

ಎಲ್ಲದರ ಮೇಲೂ ಈ ಪಟ್ಟಿ ಕೂಡುತ್ತದೆ, ಟಂಬ್ಲರೂ ಕೊಕ್ಕೆಯೂ ಓರೆಯಾಗದಂತೆ. ಇದರ ಇಂಗ್ಲಿಷ್ ಹೆಸರು ಬ್ರೈಡ್ಲ್. ಅಂದರೆ ಲಗಾಮು. ಕುದುರೆ ಅಂತ ಹೆಸರಿಟ್ಟವರು ನಾವು, ಅದಕ್ಕೆ ಲಗಾಮು ಹಾಕಿದವರು ಅವರು. ಒಬ್ಬರನ್ನೊಬ್ಬರು ಕೇಳದೆ ಹೆಸರು ಹೇಗೆ ಕೂಡಿ ಬಂತೋ!

ಕುದುರೆ ಬೀಳುವುದು ಎಲ್ಲಿಗೆ? ನಳಿಗೆಯ ಬುಡದಲ್ಲಿ ಒಂದು ಸಣ್ಣ ತೂತಿನ ತೊಟ್ಟು ಇರುತ್ತದೆ. ಅದರ ಮೇಲೆ ತಾಮ್ರದ ಟೋಪಿ, ನಮ್ಮವರು ಕೇಪು ಅನ್ನುತ್ತಾರೆ. ಒಳಗೆ ಪೆಟ್ಟು ಬಿದ್ದರೆ ಸಿಡಿಯುವ ಪುಡಿ. ಆ ಕಿಡಿ ತೊಟ್ಟಿನ ತೂತಿನಿಂದ ಇಳಿದು ಮದ್ದಿಗೆ ತಾಗುತ್ತದೆ.

ವಿಜಯಪುರದ ಮಲಿಕ್-ಎ-ಮೈದಾನ್ ತೋಪು ನೋಡಿದವರು ಎಷ್ಟು ಜನ? ಸುಮಾರು ಎಲ್ಲರೂ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್. ಅದರಲ್ಲಿ ಈ ಯಂತ್ರದ ಒಂದು ಚೂರೂ ಇಲ್ಲ. ಕಿವಿಯ ತೂತಿಗೆ ಬೆಂಕಿ ಮುಟ್ಟಿಸಿದರೆ ಆಯಿತು. ಕೈಬಂದೂಕಿಗೆ ಆ ಬೆಂಕಿಯನ್ನು ಯಂತ್ರದಿಂದ ಮುಟ್ಟಿಸುವುದು ಹೇಗೆ ಅನ್ನುವುದೇ ಶತಮಾನಗಳ ತಲೆಬೇನೆ. ಮೊದಲು ಉರಿಯುವ ಬತ್ತಿ, ಆಮೇಲೆ ಚಕಮಕಿ ಕಲ್ಲು. ಚಕಮಕಿಯ ಬಂದೂಕಿನಲ್ಲಿ ಹೊರಗಿನ ಬಟ್ಟಲಲ್ಲಿ ಒಂದು ಚಿಟಿಕೆ ಮದ್ದು ಇಡಬೇಕು. ಮಳೆ ಬಂದರೆ ಅದು ಹಸಿ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸೈತ್ ಎಂಬ ಪಾದ್ರಿಗೆ ಇನ್ನೊಂದು ತಕರಾರಿತ್ತು. ಬಟ್ಟಲಿನ ಮದ್ದು ಭಗ್ ಅಂದ ಕೂಡಲೇ ಹಕ್ಕಿ ಎಚ್ಚರಾಗಿ ಹಾರಿಹೋಗುತ್ತಿತ್ತು. ಪೆಟ್ಟಿಗೆ ಸಿಡಿಯುವ ಪುಡಿಯನ್ನು ಬಳಸುವ ಯಂತ್ರಕ್ಕೆ ಅವನು 1807ರಲ್ಲಿ ಪೇಟೆಂಟ್ ತೆಗೆದುಕೊಂಡ. ತಾಮ್ರದ ಟೋಪಿ ಬಂದದ್ದು ಅದರ ನಂತರ. 1834ರಲ್ಲಿ ಇಂಗ್ಲೆಂಡಿನ ವುಲಿಚ್‌ನಲ್ಲಿ ಎರಡೂ ಬಗೆಯ ಬಂದೂಕಿನಿಂದ ಆರಾರು ಸಾವಿರ ಗುಂಡು ಹಾರಿಸಿ ಪರೀಕ್ಷೆ ಮಾಡಿದರು. ಚಕಮಕಿ 922 ಸಲ ಕೈಕೊಟ್ಟಿತು. ಕೇಪು 36 ಸಲ.

ಇಲ್ಲೊಬ್ಬ ಹುಡುಗ ಕೇಳಿದ, "ಸರ್, ಕಿತ್ತೂರ ಲಡಾಯಿದಾಗ ಕೇಪಿನ ಬಂದೂಕ ಇತ್ತೇನ್ರಿ?" ಇಲ್ಲ. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಬಿದ್ದಾಗ ಕೇಪಿನ ಬಂದೂಕು ಇನ್ನೂ ಸೈನ್ಯದ ಕೈಗೆ ಬಂದಿರಲಿಲ್ಲ. ಅಮಟೂರು ಬಾಳಪ್ಪನ ಗುಂಡಿಗೆ ಅವನು ಬಿದ್ದ ಎಂದು ನಮ್ಮ ಸೀಮೆಯೆಲ್ಲ ಹೇಳುತ್ತದೆ. ಆ ಗುಂಡು ಕಲ್ಲಿನ ಕಿಡಿಯಿಂದಲೋ ಬತ್ತಿಯ ಬೆಂಕಿಯಿಂದಲೋ ಹೊರಟಿರಬೇಕು. ಆದರೆ ಬಾಗಲಕೋಟೆ ಜಿಲ್ಲೆಯ ಹಲಗಲಿಗೆ ಬನ್ನಿ. 1857ರಲ್ಲಿ ಹತಾರ ಒಪ್ಪಿಸಿರಿ ಅಂತ ಕಾಯ್ದೆ ಬಂತು, ಬೇಡರು ಒಪ್ಪಲಿಲ್ಲ, ನವೆಂಬರ್ ಕೊನೆಗೆ ಊರಿಗೆ ಬೆಂಕಿ ಬಿತ್ತು. ಅಷ್ಟರಲ್ಲಿ ಕಂಪನಿಯ ಪಡೆಗಳಲ್ಲಿ ಕೇಪಿನ ಬಂದೂಕು ಬಂದಾಗಿತ್ತು. ಲಾವಣಿ ಕೇಳುವಾಗ ನನಗೆ ಈಗ ಇದೂ ನೆನಪಾಗುತ್ತದೆ. ಇತಿಹಾಸ ಇಷ್ಟು ಸಾಕು. ನಾನು ಇತಿಹಾಸದ ಮಾಸ್ತರ ಅಲ್ಲ, ನನಗೆ ಕೈಕೆಲಸವೇ ಹೆಚ್ಚು ರುಚಿ.

ಫಿಟ್ಟಿಂಗಿಗೆ ಬರೋಣ. ಯಂತ್ರವನ್ನು ಕಟ್ಟಿಗೆಯಲ್ಲಿ ಕೂಡಿಸಲು ಅದೇ ಆಕಾರದ ಗುಳಿ ಕೊರೆಯಬೇಕು. ಹುಡುಗ ಪೆನ್ಸಿಲಿನಿಂದ ಗೀಟು ಹಾಕಿ ಒಂದೇ ಸಲ ಉಳಿ ಎತ್ತಿದ್ದ. "ತಡಿ, ತಡಿ" ಅಂದೆ. ಪೂರಾ ಯಂತ್ರವನ್ನು ಒಮ್ಮೆಲೇ ಇಳಿಸಲು ಹೋಗಬಾರದು. ಎಲ್ಲ ಬಿಚ್ಚಿ, ಈ ಭಾಗಗಳೆಲ್ಲ ಕೂತಿರುವ ಬರೀ ತಗಡನ್ನು ಮೊದಲು ಇಳಿಸಬೇಕು. ತಗಡಿನ ಮುಂದಿನ ಭಾಗ ನಳಿಗೆಗೆ ಒತ್ತಿ ಕೂಡಬೇಕು, ನಡುವೆ ಬೆಳಕು ಕಾಣಬಾರದು. ಅದು ಕೂತ ಮೇಲೆ ಟಂಬ್ಲರ್ ಮತ್ತು ಲಗಾಮಿಗೆ ಜಾಗ, ಆಮೇಲೆ ಕೊಕ್ಕೆಗೆ, ಕೊನೆಗೆ ಕಮಾನಿಗೆ. ಒಂದೊಂದೇ ಸೇರಿಸುತ್ತ ಒಂದೊಂದೇ ಕೊರೆಯುವುದು.

ಎಲ್ಲಿ ಕೊರೆಯಬೇಕು ಅಂತ ಹೇಗೆ ಗೊತ್ತಾಗುತ್ತದೆ? ನಾವು ಬೇರಿಂಗ್ ಕೆರೆಯುವಾಗ ನೀಲಿ ಬಣ್ಣ ಹಚ್ಚುತ್ತೇವಲ್ಲ, ಹಾಗೇ. ಅಲ್ಲಿನ ಹಳೆಯ ಕೆಲಸಗಾರರು ದೀಪದ ಮಸಿ ಹಚ್ಚುತ್ತಿದ್ದರಂತೆ. ಎಣ್ಣೆ ದೀಪದ ಮೇಲೆ ಕಬ್ಬಿಣ ಹಿಡಿದು ಕಪ್ಪು ಮಾಡಿ, ಗುಳಿಯಲ್ಲಿ ಒತ್ತಿ, ತೆಗೆದು ನೋಡುವುದು. ಕಟ್ಟಿಗೆಯಲ್ಲಿ ಕಪ್ಪು ಅಂಟಿದ ಕಡೆ ಮುಟ್ಟುತ್ತಿದೆ ಅಂತ ಅರ್ಥ. ಅಲ್ಲಿ ಮಾತ್ರ ಉಳಿಯಿಂದ ಹೆರೆಯಬೇಕು, ಅದೂ ಉಗುರು ಕೆರೆದಷ್ಟು. ಮತ್ತೆ ಮಸಿ, ಮತ್ತೆ ಒತ್ತು, ಮತ್ತೆ ನೋಡು. ನಾನು ಅವನಿಗೆ ದೇವರ ಮನೆಯ ನೀಲಾಂಜನ ಹಚ್ಚಿಕೋ ಅಂದೆ. ಹಚ್ಚಿದ. ಕೋಣೆಯ ಹೊಗೆ ಗಂಟೆ ಹೊಡೆದುಕೊಂಡಿತು. ಅಲ್ಲಿನ ಮನೆಗಳಲ್ಲಿ ಸ್ವಲ್ಪ ಹೊಗೆಗೂ ಗಂಟೆ ಬಾರಿಸುವ ಡಬ್ಬಿ ಇರುತ್ತದೆ, ನನಗೆಲ್ಲಿ ಗೊತ್ತು? ಆ ಮೇಲೆ ಅವನು ಗ್ಯಾರೇಜಿಗೆ ಹೋದ. ಎರಡು ವಾರ ರಾತ್ರಿ ಅದೇ ಕೆಲಸ. ಫೋನು ಹಿಡಿದರೆ ಪರದೆಯಲ್ಲಿ ಬರೀ ಕಪ್ಪು ಬೆರಳು.

ಯಂತ್ರ ಕೂತ ಮೇಲೆ ಕುದುರೆಯ ಮೂತಿ ತೊಟ್ಟಿನ ಮೇಲೆ ನೆಟ್ಟಗೆ ಬೀಳುತ್ತದೋ ನೋಡಬೇಕು. ಕುದುರೆಯ ಮೂತಿಯಲ್ಲಿ ಒಂದು ಬಟ್ಟಲಿನಂಥ ತಗ್ಗು ಇದೆ ನೋಡಿ. ಕೇಪು ಒಡೆದಾಗ ಹಾರುವ ತಾಮ್ರದ ಚೂರು ಕಣ್ಣಿಗೆ ಬರದಿರಲಿ ಅಂತ. ಮೂತಿ ಒಂದು ಕಡೆ ವಾಲಿದರೆ ಪೆಟ್ಟು ಕೇಪಿನ ಅಂಚಿಗೆ ಬೀಳುತ್ತದೆ, ಒಮ್ಮೆ ಸಿಡಿಯುತ್ತದೆ, ಒಮ್ಮೆ ಇಲ್ಲ. ಇನ್ನೊಂದು ಸೂಕ್ಷ್ಮ ಇದೆ. ಕುದುರೆ ತೊಟ್ಟಿನ ಮೇಲೆ ಕೂರುವ ಮೊದಲೇ ಒಳಗೆ ಟಂಬ್ಲರ್ ಲಗಾಮಿಗೆ ಹೊಡೆದು ನಿಲ್ಲಬಾರದು. ಹಾಗೆ ನಿಂತರೆ ಪೆಟ್ಟು ಕೇಪಿಗೆ ಮುಟ್ಟುವುದೇ ಇಲ್ಲ, ಎಲ್ಲ ಪೆಟ್ಟೂ ಲಗಾಮು ತಿನ್ನುತ್ತದೆ.

ಇಷ್ಟೆಲ್ಲ ಆಗಿ ಆಗಸ್ಟ್ ಹೊತ್ತಿಗೆ ಅವನ ಬಂದೂಕು ಒಂದು ಹಂತಕ್ಕೆ ಬಂತು. ಕುದುರೆ ಎಳೆದರೆ ಟಕ್, ಟಕ್. ಎರಡು ಕಚ್ಚಿನ ಎರಡು ಸದ್ದು. ಗಡಿಯಾರ ಕೇಳಿದ ಹಾಗೆ ಕೇಳಿದೆವು ನಾವಿಬ್ಬರೂ.

ಜನವರಿಯಲ್ಲಿ ಫೋನು. "ಮಾಮಾ, ಅರ್ಧ ಕಚ್ಚು ನಿಲ್ಲವಲ್ದು."

ಇದು ಸಣ್ಣ ಮಾತಲ್ಲ. ಮದ್ದು ತುಂಬಿ ಹೆಗಲಿಗೆ ಹಾಕಿಕೊಂಡು ನಡೆಯುವಾಗ, ಕೇಪು ಕೂಡಿಸುವಾಗ ಕುದುರೆ ನಿಲ್ಲುವುದು ಆ ಅರ್ಧ ಕಚ್ಚಿನಲ್ಲೇ. ಅದನ್ನು ಆಳವಾಗಿ ಕೊರೆದಿರುವುದು, ಮೂತಿ ಒಳಗೆ ಹೊಕ್ಕು ಕೂತರೆ ಟ್ರಿಗರ್ ಎಳೆದರೂ ಹೊರಗೆ ಬರದಿರಲಿ ಅಂತಲೇ. ಅವನದು ಹೆಬ್ಬೆರಳಿನಿಂದ ಒತ್ತಿದರೆ ಜಾರುತ್ತಿತ್ತು. ಸುದೈವಕ್ಕೆ ಖಾಲಿ ಬಂದೂಕಿನಲ್ಲಿ ನೋಡಿದ್ದ. ಇನ್ನೂ ಒಂದು ಲಕ್ಷಣ ಹೇಳಿದ: ಟ್ರಿಗರಿನಲ್ಲಿ ಮೊದಲು ಇದ್ದ ಚೂರು ಸಡಿಲು ಈಗ ಇಲ್ಲ.

"ಕಚ್ಚು ಸವದೈತಿ ಕಾಣಸ್ತೈತಿ ಮಾಮಾ, ಅರ ಹಾಕಿ ಇನ್ನಷ್ಟು ಆಳ ಮಾಡ್ಲೇನು?" ಅಂದ. ಅರ ಅವನ ಕೈಯಲ್ಲಿ ಆಗಲೇ ಇತ್ತು, ನನಗೆ ಕಾಣುತ್ತಿತ್ತು.

ಸುಳ್ಳು ಹೇಳುವುದಿಲ್ಲ, ನಾನೂ ಮೊದಲು ಕಚ್ಚನ್ನೇ ಸಂಶಯಪಟ್ಟೆ. ಆದರೆ ಗಟ್ಟಿಮಾಡಿದ ಉಕ್ಕಿನ ಕಚ್ಚು ನೂರು ಸಲ ಎಳೆದದ್ದಕ್ಕೆ ಸವೆಯುವುದಿಲ್ಲ. ಮತ್ತೇನು ಬದಲಾಗಿದೆ? ಕಬ್ಬಿಣ ಆಗಸ್ಟಿನಲ್ಲೂ ಅದೇ, ಜನವರಿಯಲ್ಲೂ ಅದೇ. ಹಾಗಾದರೆ ಕಟ್ಟಿಗೆ.

ನಮ್ಮ ಮನೆಯ ಹಿತ್ತಲ ಬಾಗಿಲು ಆಷಾಢದಲ್ಲಿ ಹಾಕಲಿಕ್ಕೇ ಬರುವುದಿಲ್ಲ. ಬೆಳಗಾವಿಯಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಮಳೆಗೆ ಉಬ್ಬುತ್ತದೆ. ಹಾಗೇ ಅವನದೂ ಉಬ್ಬಿರಬೇಕು ಅಂದೆ. ಆದರೆ ಲೆಕ್ಕ ಕೂಡಲಿಲ್ಲ. ಅವನಿಗೆ ಚಳಿಗಾಲ, ಇಡೀ ಮನೆಗೆ ಹೀಟರು, ಗಾಳಿ ಒಣಗಿ ತುಟಿ ಒಡೆಯುತ್ತಿದೆ ಅನ್ನುತ್ತಿದ್ದ. ಒಣ ಗಾಳಿಗೆ ಕಟ್ಟಿಗೆ ಉಬ್ಬುವುದಿಲ್ಲ, ಕುಗ್ಗುತ್ತದೆ. ಕುಗ್ಗಿದರೆ ಎಲ್ಲ ಸಡಿಲಾಗಬೇಕಲ್ಲ, ಬಿಗಿ ಯಾಕೆ ಆಯಿತು?

ಎರಡು ದಿನ ಇದೇ ತಲೆಯಲ್ಲಿ. ಮೂರನೆಯ ದಿನ ಬಾಗಲಕೋಟೆ ಕಡೆಯ ಒಂದು ಬಸ್ಸಿನಲ್ಲಿ ಕೂತಾಗ ಹೊಳೆಯಿತು. ನಾನು ಬಾಗಿಲನ್ನು ತಲೆಕೆಳಗು ಮಾಡಿ ನೋಡುತ್ತಿದ್ದೆ. ನಮ್ಮ ಮನೆಯಲ್ಲಿ ಉಬ್ಬುವುದು ಬಾಗಿಲು. ಬಂದೂಕಿನಲ್ಲಿ ಬಾಗಿಲು ಕಬ್ಬಿಣದ್ದು, ಚೌಕಟ್ಟು ಕಟ್ಟಿಗೆಯದು! ಚೌಕಟ್ಟು ಕುಗ್ಗಿದರೆ ಬಾಗಿಲು ಹಿಡಿಯುತ್ತದೆ. ಕುಂಬಾರರ ಮನೆಯಲ್ಲಿ ಹಸಿ ಮಣ್ಣಿನ ಬಳೆ ಒಣಗಿದ್ದು ನೋಡಿ, ಬಳೆಯ ಜೊತೆ ನಡುವಿನ ತೂತೂ ಸಣ್ಣದಾಗಿರುತ್ತದೆ. ನಮ್ಮ ರೈತರಿಗೆ ಇನ್ನೊಂದು ರೂಪದಲ್ಲಿ ಇದು ಗೊತ್ತು. ಬೇಸಿಗೆಯಲ್ಲಿ ಚಕ್ಕಡಿಯ ಗಾಲಿ ಒಣಗಿ ಹಳಿ ಸಡಿಲಾದರೆ ಗಾಲಿ ಬಿಚ್ಚಿ ಹಳ್ಳದ ನೀರಿನಲ್ಲಿ ಮಲಗಿಸುತ್ತಾರೆ. ಅಲ್ಲಿ ಕಟ್ಟಿಗೆ ಒಳಗೆ, ಕಬ್ಬಿಣ ಹೊರಗೆ, ಅದಕ್ಕೇ ಒಣಗಿದರೆ ಸಡಿಲು. ಬಂದೂಕಿನಲ್ಲಿ ಕಬ್ಬಿಣ ಒಳಗೆ, ಕಟ್ಟಿಗೆ ಹೊರಗೆ.

ಈಗ ಟ್ರಿಗರ್ ನೋಡಿ. ಟ್ರಿಗರ್ ಕೂರುವ ಪಟ್ಟಿ ಕಟ್ಟಿಗೆಯ ತಳದಲ್ಲಿ ಇದೆ. ಕೊಕ್ಕೆಯ ತೋಳು ಅದರ ಮೇಲೆ, ಸುಮಾರು ಒಂದು ಇಂಚಿನ ಅಂತರದಲ್ಲಿ. ನಡುವೆ ಇರುವುದು ಬರೀ ಕಟ್ಟಿಗೆ, ಎಳೆ ಅಡ್ಡಲಾಗಿ. ಕಟ್ಟಿಗೆ ಎಳೆಯ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಚೆನ್ನಾಗಿ ಕುಗ್ಗುತ್ತದೆ. ತೇವದ ಬೇಸಿಗೆಯಿಂದ ಹೀಟರಿನ ಚಳಿಗಾಲಕ್ಕೆ ಮೇಪಲ್ ಮರ ಅಡ್ಡಕ್ಕೆ ನೂರಕ್ಕೆ ಒಂದೆರಡು ಪಾಲು ಕುಗ್ಗಬಹುದು. ಒಂದು ಇಂಚಿಗೆ ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರ್. ಅವನು ಟ್ರಿಗರಿಗೂ ಕೊಕ್ಕೆಯ ತೋಳಿಗೂ ನಡುವೆ ಬಿಟ್ಟಿದ್ದು ಒಂದು ಕಾಗದದ ದಪ್ಪ. ಅದು ಮಾಯವಾಗಿ ಟ್ರಿಗರ್ ತೋಳನ್ನು ಸದಾ ಸ್ವಲ್ಪ ಎತ್ತಿಹಿಡಿದಿತ್ತು. ತೋಳು ಎತ್ತಿದ್ದರೆ ಮೂತಿ ಕಚ್ಚಿನ ತಳ ಮುಟ್ಟುವುದಿಲ್ಲ, ತುದಿಯಲ್ಲಿ ನಿಲ್ಲುತ್ತದೆ. ತುದಿಯಲ್ಲಿ ನಿಂತದ್ದು ಜಾರದೆ ಇರುತ್ತದೆಯೇ?

ಹೌದೋ ಅಲ್ಲವೋ ಅಂತ ನೋಡಲು ಅರ ಬೇಕಾಗಲಿಲ್ಲ. "ಟ್ರಿಗರ್ ಪಟ್ಟಿಯ ಸ್ಕ್ರೂ ಅರ್ಧ ಸುತ್ತು ಸಡಲ ಮಾಡು" ಅಂದೆ. ಮಾಡಿದ. ಕುದುರೆ ಎಳೆದ. ಟಕ್. ಒತ್ತಿದ, ನಿಂತಿತು. ಇಬ್ಬರೂ ನಕ್ಕೆವು. ಅವನಿಗೆ ಅಲ್ಲಿ ನಡುಮಧ್ಯಾಹ್ನ, ನನಗೆ ರಾತ್ರಿ ಹತ್ತೂವರೆ, ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು.

ಸ್ಕ್ರೂ ಸಡಿಲ ಬಿಡುವುದು ಮದ್ದಲ್ಲ, ಪರೀಕ್ಷೆ ಮಾತ್ರ. ಹುಡುಗರೇ, ಇದನ್ನು ಬರೆದುಕೊಳ್ಳಿ, ಪಂಪಿಗೂ ಇದೇ. ಯಂತ್ರ ಹಿಡಿಯುತ್ತಿದೆ ಅಂದರೆ ಮೊದಲು ಬೋಲ್ಟು ಸಡಿಲಿಸಿ ನೋಡಿ. ಸಡಿಲಿಸಿದಾಗ ಸರಿಯಾದರೆ ತಪ್ಪು ಯಂತ್ರದ ಒಳಗಿಲ್ಲ, ಅದು ಕೂತ ಜಾಗದಲ್ಲಿದೆ. ಆಮೇಲೆ ಅವನು ಟ್ರಿಗರಿನ ನೆತ್ತಿಯನ್ನು, ತೋಳಿಗೆ ತಾಗುವ ಅಂಚನ್ನು, ಸಣ್ಣ ಅರದಿಂದ ತುಸು ಇಳಿಸಿದ. ಕಚ್ಚು ಮುಟ್ಟಲಿಲ್ಲ. ಟ್ರಿಗರ್ ಹೆಚ್ಚು ಅರೆದರೆ ಹೊಸದು ಮಾಡಬಹುದು, ಅಗ್ಗ. ಕಚ್ಚಿನ ಕೋನ ಕೆಟ್ಟರೆ ಟಂಬ್ಲರೇ ಹೋಯಿತು, ಗಟ್ಟಿಮಾಡಿದ ಮೇಲ್ಪದರ ತೆಳುವಾದದ್ದು, ಅದು ಅರೆದುಹೋದರೆ ಮೆತ್ತಗಿನ ಒಳಭಾಗ ನಾಲ್ಕು ದಿನದಲ್ಲಿ ಸವೆಯುತ್ತದೆ. ಪೂರ್ತಿ ಕಚ್ಚಿನ ಕೋನವಂತೂ ಇನ್ನೂ ನಾಜೂಕು. ಅದರ ಮುಖ ಹೊರಗೆ ವಾಲಿದರೆ ಮೂತಿ ತಾನೇ ಜಾರುತ್ತದೆ, ಒಳಗೆ ವಾಲಿದರೆ ಟ್ರಿಗರ್ ಎಳೆಯಲು ಎರಡು ಬೆರಳು ಬೇಕು. ಅಲ್ಲಿ ಏನಾದರೂ ಮಾಡುವುದಿದ್ದರೆ ನುಣುಪು ಕಲ್ಲಿನಿಂದ ಮುಖ ಉಜ್ಜಬಹುದು, ಅಷ್ಟೇ, ಕೋನ ಬದಲಿಸಬಾರದು. ಟ್ರಿಗರ್ ಭಾರ ಅನ್ನಿಸಿದವರು ಮೊದಲು ಕೈ ಹಾಕುವುದು ಕಚ್ಚಿಗೇ, ಹಾಳಾಗುವುದೂ ಅಲ್ಲೇ. ಟ್ರಿಗರಿನ ಕೀಲು ಎಲ್ಲಿ ಕೂತಿದೆ, ತೋಳು ಕಟ್ಟಿಗೆಗೆ ಉಜ್ಜುತ್ತಿದೆಯೋ ಅಂತ ನೋಡುವವರು ಕಡಿಮೆ. ಕೀಲು ತೋಳಿಗೆ ಹತ್ತಿರ ಇದ್ದಷ್ಟೂ ಸನ್ನೆಗೋಲಿನ ಲೆಕ್ಕದಲ್ಲಿ ಎಳೆತ ಹಗುರ.

ಕಮಾನಿನ ಬಗ್ಗೆ ನನ್ನದೇ ಒಂದು ಪ್ರತಾಪ. ದೊಡ್ಡ ಕಮಾನನ್ನು ತೆಗೆಯಲು ಒಂದು ಚಿಮಟ ಬೇಕು, ಅದನ್ನು ಅದುಮಿ ಹಿಡಿಯುವಂಥದ್ದು. ಇದಕ್ಕೆ ಮೂರು ಪಟ್ಟು ದೊಡ್ಡ ಚಿಮಟ ಯಾರು ಮಾಡಬೇಕು ಅಂತ ನಾನು ಸ್ಕ್ರೂಡ್ರೈವರ್ ತುರುಕಿ ಮೀಟಿದೆ. ಜೀವಮಾನವಿಡೀ ಹುಡುಗರಿಗೆ ಹಾಗೆ ಮಾಡಬೇಡ ಅಂತ ಬೈದವನು. ಕಮಾನು ಹಾರಿ ಟ್ಯೂಬ್‌ಲೈಟಿಗೆ ಹೊಡೆಯಿತು. ಗಾಜು ಕಪಾಟಿನ ಹಿಂದೆಲ್ಲ ಬಿತ್ತು, ಕಮಾನು ಎರಡು ತುಂಡು. ತುಂಡಾದ ಮುಖ ನೋಡಿದರೆ ಬೆಳ್ಳಗೆ ಹರಳು ಹರಳು. ಅಂದರೆ ಹದ ತಪ್ಪಿತ್ತು. ಕೆಂಪಗೆ ಕಾಸಿ ಎಣ್ಣೆಯಲ್ಲಿ ಅದ್ದಿದ ಮೇಲೆ ಮತ್ತೆ ಮೆಲ್ಲಗೆ ಕಾಸಿ ಬಿರುಸು ಇಳಿಸಬೇಕು, ನಾನು ಆತುರಕ್ಕೆ ಮೇಲುಮೇಲೆ ಕಾಸಿ ಬಿಟ್ಟಿದ್ದೆ. ಎರಡನೆಯದನ್ನು ಒಬ್ಬ ಹಿರಿಯ ಕಂಬಾರರ ಹತ್ತಿರ ಒಯ್ದೆ. ಅವರು ಥರ್ಮಾಮೀಟರ್ ಕೇಳಲಿಲ್ಲ. ಬಾಗಿಲು ಮುಚ್ಚಿ ಕತ್ತಲು ಮಾಡಿಕೊಂಡರು, ಬಣ್ಣ ಸರಿಯಾಗಿ ಕಾಣಲಿ ಅಂತ. "ಬಿಸಲಾಗ ಕೆಂಪ ಕಾಣಸೂದಿಲ್ರಿ ಮಾಸ್ತರ" ಅಂದರು. ಇಲ್ಲಿ ಮೇಜಿನ ಮೇಲಿರುವುದು ಅವರು ಮಾಡಿಕೊಟ್ಟ ಕಮಾನು. ಚಿಮಟ ನಾನೇ ಮಾಡಿದೆ, ಕೊನೆಗೂ.

ಇನ್ನು ಒಂದು ಚೂರು ತೋರಿಸಿ ಮುಗಿಸುತ್ತೇನೆ. ಇಲ್ಲಿ ಟಂಬ್ಲರಿನ ಅಂಚಿನಲ್ಲಿ ಸಣ್ಣದೊಂದು ನಾಲಿಗೆ ಅಲ್ಲಾಡುತ್ತಿದೆ. ನಿಜವಾದ ಅಳತೆಯಲ್ಲಿ ಕುಸುಬಿ ಕಾಳಿನಷ್ಟು. ಅವರು ಇದಕ್ಕೆ ಫ್ಲೈ ಅನ್ನುತ್ತಾರೆ, ನಾವು ನೊಣ ಅನ್ನೋಣ. ಕೆಲವು ರೈಫಲ್‌ಗಳಲ್ಲಿ ಎರಡು ಟ್ರಿಗರ್ ಇರುತ್ತವೆ. ಹಿಂದಿನದನ್ನು ಎಳೆದು ಸಜ್ಜು ಮಾಡಿದರೆ ಮುಂದಿನದು ಉಸಿರು ತಾಗಿದರೂ ಬೀಳುತ್ತದೆ. ಆದರೆ ಅದು ಕೊಕ್ಕೆಯ ತೋಳಿಗೆ ಒಂದು ಪೆಟ್ಟು ಕೊಟ್ಟು ಬಿಡುತ್ತದೆ, ಎತ್ತಿ ಹಿಡಿದುಕೊಳ್ಳುವುದಿಲ್ಲ. ಆಗ ಏನಾಗುತ್ತದೆ? ಪೂರ್ತಿ ಕಚ್ಚಿನಿಂದ ಬಿಟ್ಟ ಕುದುರೆ ಕೆಳಗೆ ಬರುವಾಗ ಮೂತಿ ವ್ಯಾಪಾರವೆಲ್ಲ ಮುಗಿಯಿತು ಅಂತ ವಾಪಸು ಬಿದ್ದು ಅರ್ಧ ಕಚ್ಚಿಗೆ ಸಿಕ್ಕಿಕೊಳ್ಳುತ್ತದೆ. ಕುದುರೆ ನಡುದಾರಿಯಲ್ಲಿ ನಿಲ್ಲುತ್ತದೆ, ಮೂತಿಯ ತುದಿ ಮುರಿದರೂ ಮುರಿಯಿತು. ಈ ನೊಣ ಆ ಗಳಿಗೆಯಲ್ಲಿ ಅರ್ಧ ಕಚ್ಚಿನ ಬಾಯಿಗೆ ಅಡ್ಡ ಮಲಗುತ್ತದೆ. ಮೂತಿ ಅದರ ಬೆನ್ನ ಮೇಲೆ ಜಾರಿ ದಾಟಿಹೋಗುತ್ತದೆ. ಕುದುರೆಯನ್ನು ಕೈಯಿಂದ ಮೇಲಕ್ಕೆ ಎಳೆಯುವಾಗ ಮಾತ್ರ ನೊಣ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ. ಮೇಲೆ ಹೋಗುವಾಗ ಬಾಗಿಲು ತೆರೆದು, ಕೆಳಗೆ ಬರುವಾಗ ಮುಚ್ಚುವುದು. ಬನ್ನಿ, ಒಬ್ಬೊಬ್ಬರಾಗಿ ಮೆಲ್ಲಗೆ ಎಳೆದು ನೋಡಿ. ಬೆರಳು ಕುದುರೆಯ ಕೆಳಗೆ ಇಡಬೇಡಿ, ಕಂಬಾರರ ಕಮಾನು ಅದು.

(ಇಲ್ಲಿ ಅರ್ಧ ಗಂಟೆ ಎಲ್ಲರೂ ಎಳೆದು ನೋಡಿದರು. ಒಬ್ಬ ಹಿರಿಯರು ಕೇಳಿದ ಪ್ರಶ್ನೆ: ಮೇಪಲ್ ಬದಲು ನಮ್ಮ ಸಾಗವಾನಿ ಹಾಕಿದ್ದರೆ ಈ ಕುಗ್ಗುವ ತಂಟೆ ಇರುತ್ತಿರಲಿಲ್ಲವೇ? ಸಾಗವಾನಿ ಕುಗ್ಗುವುದು ಕಡಿಮೆ, ನಿಜ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಯಾವ ಮರವಾದರೂ ಚೆನ್ನಾಗಿ ಒಣಗಿಸಿ, ಒಳಗಿನ ಗುಳಿಗೂ ಎಣ್ಣೆ ಕುಡಿಸಿದರೆ ತೇವ ಹೋಗಿಬರುವುದು ನಿಧಾನವಾಗುತ್ತದೆ. ಬಹಳ ಜನ ಹೊರಗಷ್ಟೇ ಪಾಲಿಶ್ ಹೊಡೆದು ಒಳಗಿನ ಗುಳಿಯನ್ನು ಬೆತ್ತಲೆ ಬಿಡುತ್ತಾರೆ.)

ಕೊನೆಗೆ ಇವು. ಹುಡುಗ ದೀಪಾವಳಿಗೆ ಬಂದಾಗ ತಂದುಕೊಟ್ಟ ಐದು ಕೇಪು. ಗಾಬರಿ ಬೇಡ, ಎಲ್ಲ ಒಡೆದವು, ಬರೀ ತಾಮ್ರ. ಸಾಲಿನಿಂದ ಸಾಲಿಗೆ ದಾಟಿಸಿ. ನಾಲ್ಕೂ ಕಡೆ ಸೀಳಿ ದಾಸವಾಳ ಬಿರಿದ ಹಾಗೆ ಆಗಿವೆ ನೋಡಿ. ನಡುವೆ ಕುದುರೆಯ ಪೆಟ್ಟಿನ ಗುರುತು ಇದೆ. ಉಗುರು ಆಡಿಸಿದರೆ ಗೊತ್ತಾಗುತ್ತದೆ, ಎಡಗಡೆ ಒಂದು ಎಳೆಯಷ್ಟು ಹೆಚ್ಚು ಆಳ. ಕುದುರೆ ಇನ್ನೂ ನೆಟ್ಟಗೆ ಬೀಳುತ್ತಿಲ್ಲ. ನಾನು ಹೇಳಿದೆ. "ಸಿಡೀತಾವಲ್ಲ ಮಾಮಾ, ಸಾಕ್ ಬಿಡು" ಅಂದ. ಅವನಿಗೆ ಸಾಕು, ನನಗೆ ಸಾಕಾಗಿಲ್ಲ. ಮುಂದಿನ ಸಲ ಬಂದಾಗ ಕುದುರೆ ಕಾಸಿ ಬಗ್ಗಿಸುವುದು ಹೇಗೆ ಅಂತ ಈ ಮಾದರಿಯ ಮೇಲೆ ಕಲಿಸಿ ಕಳಿಸುತ್ತೇನೆ.

ಸಭೆ ಮುಗಿದ ಮೇಲೆ ಎಣಿಸಿದರೆ ನಾಲ್ಕೇ ಕೇಪು ಇದ್ದವು. ಒಯ್ದವರು ಇಟ್ಟುಕೊಳ್ಳಲಿ, ಆದರೆ ಅದು ಐದರಲ್ಲಿ ಪೆಟ್ಟು ಎಲ್ಲಕ್ಕಿಂತ ನಡುವೆ ಬಿದ್ದದ್ದು, ಹೋಲಿಸಲಿಕ್ಕೆ ಅಂತ ಬೇರೆ ಇಟ್ಟಿದ್ದೆ.